ಹೊಸ್ತಿಲಲ್ಲಿ ಕೂತ ಒಳ್ಳೆಯದು

ನನ್ನ ಕೆಲಸ ಏನೆಂದು ನಮ್ಮ ನೆಂಟರಿಷ್ಟರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. "ಇವಳು ಮೊಬೈಲಿನಲ್ಲಿ ಅಂಗಡಿಗಳ ಹೆಸರು ಮೇಲೆ ತರುವವಳು" ಎಂದು ಅಮ್ಮ ಮದುವೆಮನೆಗಳಲ್ಲಿ ಹೇಳುತ್ತಾರೆ. ತಪ್ಪೇನೂ ಅಲ್ಲ. ಯಾರಾದರೂ ಏನನ್ನಾದರೂ ಸರ್ಚ್ ಮಾಡಿದರೆ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡವರ ಪುಟ ಮೊದಲು ಕಾಣಬೇಕು, ಉಳಿದವರದ್ದೆಲ್ಲ ಅದರ ಕೆಳಗೆ. ಇದಕ್ಕಾಗಿ ಬಂಟ್ವಾಳದ ಬಿ.ಸಿ. ರೋಡಿನಲ್ಲಿ, ಮೆಡಿಕಲ್ ಅಂಗಡಿಯೊಂದರ ಮಹಡಿಯಲ್ಲಿ, ಒಂದು ಮೇಜು, ಒಂದು ಲ್ಯಾಪ್‌ಟಾಪು ಮತ್ತು ಕಿಟಕಿಯ ಹೊರಗೆ ದಿನವಿಡೀ ಹಾರನ್ ಹಾಕುವ ಬಸ್ಸುಗಳನ್ನು ಇಟ್ಟುಕೊಂಡು ಕೂತಿದ್ದೇನೆ.

ಈ ಕೆಲಸದ ಹುಚ್ಚು ಹಿಡಿದವರಿಗೆ ಮಾತ್ರ ಅದರ ರುಚಿ ಗೊತ್ತು. ನಿನ್ನೆ ಏಳನೆಯದಾಗಿದ್ದ ಪುಟ ಇವತ್ತು ಎಷ್ಟನೆಯದು ಎಂದು ಹಲ್ಲುಜ್ಜುವ ಮೊದಲೇ ನೋಡುವುದು, ನಾಲ್ಕಕ್ಕೆ ಬಂದದ್ದು ಕಂಡರೆ ಹಾಸಿಗೆಯಲ್ಲೇ ಎದ್ದು ಕೂರುವುದು. ಹತ್ತನೆಯ ಕ್ಲಾಸಿನ ರಿಸಲ್ಟ್ ದಿನ ಬೋರ್ಡಿನ ಮುಂದೆ ನೂಕುನುಗ್ಗಲಿನಲ್ಲಿ ನಿಂತ ಹಾಗೆ, ಅದೂ ದಿನಾ. ಒಂದನೆಯದಾದರಂತೂ ನನ್ನನ್ನು ಹಿಡಿಯುವವರಿಲ್ಲ. ಕೆಳಗೆ ಇಳಿದರೆ ಕಣ್ಣೆದುರಿಗೆ ಸಿಕ್ಕಿದವರ ಮೇಲೆ ಹಾರಿಬೀಳುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು, ಅದನ್ನು ಮುಚ್ಚಿಟ್ಟು ಬರೆಯುವ ಅಗತ್ಯವಿಲ್ಲ.

ಬೆಂಗಳೂರಿನ ಒಂದು ಕಂಪನಿಗೆ ನಾನು ನಲವತ್ತು ಪುಟ ಬರೆದುಕೊಟ್ಟಿದ್ದೆ. ಮನೆಮನೆಗೆ ಬಂದು ಗೆದ್ದಲು, ಜಿರಳೆ, ಇಲಿಗೆ ಔಷಧ ಹೊಡೆಯುವ ಕಂಪನಿ. ನಮ್ಮ ಕಡೆ ಅವರಿಗೆ ಆಫೀಸೂ ಇಲ್ಲ, ಜನವೂ ಇಲ್ಲ. ಆದರೆ ಊರಿಗೊಂದು ಪುಟ ಬೇಕಂತೆ. ಒಂದು ಪುಟ ಬರೆದೆ, ಊರಿನ ಹೆಸರು ಬದಲಿಸಿದೆ. ಮಾಣಿ ಇದ್ದಲ್ಲಿ ಕನ್ಯಾನ, ಕನ್ಯಾನ ಇದ್ದಲ್ಲಿ ಮುಂಡಾಜೆ. "ಮುಂಡಾಜೆಯ ಹೃದಯಭಾಗದಲ್ಲಿ ನಮ್ಮ ನುರಿತ ತಂಡ ನಿಮ್ಮ ಸೇವೆಗೆ ಸದಾ ಸಿದ್ಧ." ಮುಂಡಾಜೆಗೆ ಹೃದಯಭಾಗ ಎಲ್ಲಿ ಎಂದು ಕೇಳಿದ್ದರೆ ನನಗೇ ಗೊತ್ತಿರಲಿಲ್ಲ. ಹಾವು ಸೇರಿಸಿದ್ದಂತೂ ನನ್ನ ಸ್ವಂತ ಬುದ್ಧಿ. ನಮ್ಮ ಕಡೆಯವರು ಜಿರಳೆಗಿಂತ ಹಾವಿನ ಬಗ್ಗೆ ಹೆಚ್ಚು ಹುಡುಕುತ್ತಾರೆ ಎಂದು ಕಂಡುಹಿಡಿದು, ಪ್ರತಿ ಪುಟದಲ್ಲೂ "ಹಾವು ಹಿಡಿಯುವವರು" ಎಂದು ನಾಲ್ಕು ಕಡೆ ತುರುಕಿದೆ. ಕಂಪನಿ ಹಾವು ಹಿಡಿಯುತ್ತದಾ ಎಂದು ನಾನು ಕೇಳಲೇ ಇಲ್ಲ. ತಿಂಗಳೊಳಗೆ ನಲವತ್ತೂ ಊರಿನಲ್ಲಿ ನಾವೇ ಒಂದನೆಯವರು. ಆ ದಿನ ಕೆಳಗಿನ ಮೆಡಿಕಲಿನವರಿಗೆಲ್ಲ ಬಿಸಿ ಗೋಳಿಬಜೆ ತರಿಸಿಕೊಟ್ಟೆ.

ಅದಾದ ಮೇಲೆ ಒಂದು ಬೆಳಿಗ್ಗೆ, ಹತ್ತು ಗಂಟೆ ಸುಮಾರಿಗೆ, ಮುಂಡಾಜೆಯಿಂದ ಚಿಕ್ಕಪ್ಪನ ಫೋನು ಬಂತು. ಅಮ್ಮನ ತಂಗಿಯ ಗಂಡ. ನಿವೃತ್ತ ಕನ್ನಡ ಮಾಷ್ಟ್ರು. ಮನೆಯಲ್ಲಿ ನಾವೆಲ್ಲ ತುಳುವೇ ಮಾತಾಡುವುದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

"ಮಗಾ, ಬಚ್ಚಲಿನ ಹೊಸ್ತಿಲಲ್ಲಿ ಒಳ್ಳೆಯದು ಕೂತಿದೆ. ಚಿಕ್ಕಮ್ಮ ಒಳಗೆ ಇದ್ದಾಳೆ."

ಒಳ್ಳೆಯದು ಅಂದರೆ ನಾಗರಹಾವು. ನಮ್ಮ ಮನೆಗಳಲ್ಲಿ ಅದರ ಹೆಸರು ಹೇಳುವ ಕ್ರಮ ಇಲ್ಲ. ಹೊಡೆಯುವ ಮಾತಂತೂ ಎತ್ತಲೇ ಬಾರದು. ಚಿಕ್ಕಪ್ಪನ ಬಚ್ಚಲು ಮನೆಯಿಂದ ಹತ್ತು ಹೆಜ್ಜೆ ಆಚೆ, ಅದಕ್ಕೆ ಒಂದೇ ಬಾಗಿಲು. ಬಟ್ಟೆ ಒಗೆಯುತ್ತಿದ್ದ ಚಿಕ್ಕಮ್ಮ ಅದನ್ನು ಕಂಡವರೇ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಿದ್ದರು. ಅವರಿಗೆ ಮೊದಲೇ ಗಂಟುನೋವು, ಐದು ನಿಮಿಷ ನಿಂತರೆ ಕಾಲು ನಡುಗುತ್ತದೆ. ಕಲ್ಲು ಒದ್ದೆ, ಸಾಬೂನಿನ ನೀರು ಬೇರೆ. ಜಾರಿದರೆ ಬೀಳುವುದು ಅದರ ಮುಂದೆಯೇ. ಮನೆಯ ಉಳಿದವರೆಲ್ಲ ಕೆಲಸಕ್ಕೆ, ಶಾಲೆಗೆ ಹೋಗಿ ಆಗಿತ್ತು. ಪಕ್ಕದ ಮನೆಯವರು ಓಡಿ ಬಂದರಂತೆ, ಬಂದು ದೂರದಿಂದಲೇ ಕೈಮುಗಿದು ನಿಂತರಂತೆ. ಹಿಂದೆ ಆ ಊರಿಗೆಲ್ಲ ಹಾವು ಹಿಡಿಯುತ್ತಿದ್ದವರು ತೀರಿಹೋಗಿ ಎರಡು ವರ್ಷವಾಗಿತ್ತು.

"ಮೊಬೈಲಿನಲ್ಲಿ ನೋಡಲಿಲ್ವಾ ಚಿಕ್ಕಪ್ಪ?"

"ಕೇಳಿದೆ ಮಾರಾಯ್ತಿ. ಅದು ಏನೇನೋ ಹೇಳ್ತದೆ."

ಅವರು ಕೇಳಿದ ರೀತಿ ನನಗೆ ಗೊತ್ತು. ನಮ್ಮವರು ದಿನವಿಡೀ ತುಳು ಮಾತಾಡಿಕೊಂಡು ಇದ್ದವರು, ಮೊಬೈಲಿಗೆ ಮಾತಾಡುವಾಗ ಮಾತ್ರ ತಹಶೀಲ್ದಾರರ ಮುಂದೆ ನಿಂತ ಹಾಗೆ ಆಗುತ್ತಾರೆ. ಮಾಷ್ಟ್ರು ಬೇರೆ. ಹೆಂಡತಿ ಹಾವಿನ ಎದುರು ನಿಂತಿರುವಾಗಲೂ ಇವರು ಫೋನನ್ನು ಮುಖದ ಮುಂದೆ ಹಿಡಿದು, ನಿಧಾನವಾಗಿ, "ನಮಸ್ಕಾರ. ನಮ್ಮ ಬಚ್ಚಲುಮನೆಯ ಹೊಸ್ತಿಲಿನಲ್ಲಿ ಒಳ್ಳೆಯದು ಕುಳಿತಿದೆ. ದಯವಿಟ್ಟು ಪರಿಹಾರ ತಿಳಿಸಬೇಕು" ಎಂದಿದ್ದರು. ಮೊಬೈಲು ಅಷ್ಟೇ ವಿನಯದಿಂದ, ಹೊಸ್ತಿಲಿಗೆ ಅರಸಿನ ಹಚ್ಚಿ ರಂಗೋಲಿ ಹಾಕಿದರೆ ಮನೆಗೆ ಒಳ್ಳೆಯದು ಎಂದು ಓದಿ ಹೇಳಿತಂತೆ. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

"ಆಮೇಲೆ ಬೆರಳಿನಲ್ಲಿ ಒತ್ತಿ ಹುಡುಕಿದೆ. ಒಂದು ಕಂಪನಿ ಸಿಕ್ಕಿತು, ಮುಂಡಾಜೆಯಲ್ಲೇ ಉಂಟಂತೆ, ಹೃದಯಭಾಗದಲ್ಲಿ. ಫೋನು ಮಾಡಿದರೆ ಒಂದು ಹುಡುಗಿ ಗೆದ್ದಲಾ ಜಿರಳೆಯಾ ಅಂತ ಕೇಳ್ತಾಳೆ. ಒಳ್ಳೆಯದು ಅಂದೆ. ಥ್ಯಾಂಕ್ಯೂ ಸರ್ ಅಂದಳು. ನಾಳೆಯೊಳಗೆ ಯಾರಾದರೂ ಫೋನು ಮಾಡ್ತಾರಂತೆ."

ಹೃದಯಭಾಗ ನನ್ನದೇ ಶಬ್ದ. ಬಾಯಿಬಿಟ್ಟು ಹೇಳಲಾಗಲಿಲ್ಲ. "ಫೋನು ಕಟ್ ಮಾಡಬೇಡಿ, ಹಾಗೇ ಹಿಡಿದುಕೊಳ್ಳಿ" ಎಂದು ಹೇಳಿ, ಲ್ಯಾಪ್‌ಟಾಪು ತೆರೆದು ಹುಡುಕತೊಡಗಿದೆ. ಹಾವು ಹಿಡಿಯುವವರು ಮುಂಡಾಜೆ. ಒಂದನೆಯದು ನಾನು ಬರೆದದ್ದು. ಎರಡನೆಯದು ನಾನು ಬರೆದದ್ದನ್ನು ಬೇರೆ ಯಾರೋ ಕದ್ದು ಹಾಕಿಕೊಂಡದ್ದು. ಮೂರನೆಯದು ಪಕ್ಕದ ಊರಿನ ಹೆಸರಿನಲ್ಲಿ ನಾನೇ. ಊರು ಬಿಟ್ಟು ತಾಲೂಕಿನ ಹೆಸರಿನಲ್ಲಿ, ಹಾವು ಹಿಡಿಯುವವರು ಬೆಳ್ತಂಗಡಿ ಎಂದು ಹಾಕಿದೆ. ಅಲ್ಲಿಯೂ ನಾನೇ. ಎಲ್ಲಿ ಒತ್ತಿದರೂ ನನ್ನದೇ ವಾಕ್ಯ, ನನ್ನದೇ ನುರಿತ ತಂಡ, ಸದಾ ಸಿದ್ಧ. ಇಡೀ ತಾಲೂಕಿನಲ್ಲಿ ನಿಜವಾಗಿ ಹಾವು ಹಿಡಿಯುವ ಒಬ್ಬ ಮನುಷ್ಯನೂ ನನಗೆ ಕಾಣಲಿಲ್ಲ. ಹಲ್ಲು ಕಚ್ಚಿಕೊಂಡು ನನ್ನನ್ನೇ ಬೈದುಕೊಂಡೆ, ಇಲ್ಲಿ ಬರೆಯುವಂಥ ಮಾತಲ್ಲ ಅದು.

ಫೋನಿನಲ್ಲಿ ಚಿಕ್ಕಮ್ಮನ ದನಿ ದೂರದಿಂದ ಕೇಳಿತು. "ಕಾಲು ಹಿಡೀತಾ ಉಂಟು" ಎನ್ನುತ್ತಿದ್ದರು.

ಆಗ ಹೊಳೆಯಿತು. ನಾನು ಹುಡುಕುತ್ತಿದ್ದದ್ದು ನಾನೇ ಬೇಲಿ ಹಾಕಿದ ಜಾಗದಲ್ಲಿ. ಪುಸ್ತಕದ ಕನ್ನಡದಲ್ಲಿ ಹುಡುಕಿದರೆ ಪುಸ್ತಕದ ಕನ್ನಡದಲ್ಲಿ ಬರೆದ ನಾನೇ ಸಿಗುವುದು. ಜನ ಬಾಯಲ್ಲಿ ಹೇಳುವುದನ್ನು ಎಲ್ಲಿಯಾದರೂ ಬರೆದಿರಬೇಕಲ್ಲ. ತುಳುವಿನಲ್ಲಿ, ಕನ್ನಡ ಅಕ್ಷರದಲ್ಲಿ, "ಉಚ್ಚು ಪತ್ತೆರೆ ಬೆಳ್ತಂಗಡಿ" ಎಂದು ಹೊಡೆದೆ. ಹಾವು ಹಿಡಿಯಲಿಕ್ಕೆ ಎಂದರ್ಥ.

ಬಂದದ್ದು ಬೆಳ್ತಂಗಡಿಯ ಒಂದು ವೆಲ್ಡಿಂಗ್ ಅಂಗಡಿ. ಅದರ ಕೆಳಗೆ ಯಾರೋ ಗಿರಾಕಿ ಒಂದೇ ಒಂದು ಸ್ಟಾರ್ ಕೊಟ್ಟು ಸಿಟ್ಟಿನಲ್ಲಿ ಬರೆದಿದ್ದರು: "ಗೇಟು ಕೊಡುವಾಗ ಮೂರು ವಾರ ತಡ. ಕೇಳಿದರೆ ಉಚ್ಚು ಪತ್ತೆರೆ ಪೋತೆರ್ ಅಂತಾರೆ." ಹಾವು ಹಿಡಿಯಲು ಹೋಗಿದ್ದಾರೆ ಅನ್ನುತ್ತಾರಂತೆ. ಅಷ್ಟು ವರ್ಷದ ಕೆಲಸದಲ್ಲಿ ನಾನು ಕೊಡಿಸಿದ ಐದು ಸ್ಟಾರುಗಳಿಗೆ ಲೆಕ್ಕವಿಲ್ಲ. ಆದರೆ ಆ ಒಂದು ಸ್ಟಾರನ್ನು ಕಂಡಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಕುರ್ಚಿಯಿಂದ ಹಾರಿ ಎದ್ದೆ. ಕೆಳಗಿನ ಮೆಡಿಕಲಿಗೆ ಓಡಿ, ಕೌಂಟರಿನಲ್ಲಿದ್ದವರ ಕೈಯಿಂದ ಫೋನು ಕಸಿದುಕೊಂಡು ವೆಲ್ಡಿಂಗ್ ಅಂಗಡಿಗೆ ಕರೆ ಮಾಡಿದೆ.

"ಎಲ್ಲಿ ಕೂತಿದೆ? ಹೊಸ್ತಿಲಲ್ಲಾ? ಅವರತ್ರ ಅಲ್ಲಾಡದೆ ನಿಲ್ಲಲಿಕ್ಕೆ ಹೇಳಿ. ನೀರು ಗೀರು ಹಾಕುವುದು ಬೇಡ. ಹೊರಟೆ ನಾನು" ಎಂದರು ಅಂಗಡಿಯವರು. ಮುಂಡಾಜೆಯ ಮನೆಗೆ ದಾರಿ ಕೇಳಿಕೊಂಡರು, ನನ್ನ ಹೆಸರನ್ನೂ ಕೇಳಲಿಲ್ಲ. ಹಿಂದೆ ಯಾರೋ "ನನ್ನ ಗ್ರಿಲ್ ಯಾವಾಗ?" ಎಂದು ಕೇಳುವುದೂ ಕೇಳಿಸಿತು.

ಮುಂದಿನ ಅರ್ಧ ಗಂಟೆ ನಾನು ಮೆಡಿಕಲ್ ಅಂಗಡಿಯ ಮೆಟ್ಟಿಲಲ್ಲಿ ಕೂತು ಫೋನಿಗೆ ಕಿವಿ ಅಂಟಿಸಿಕೊಂಡಿದ್ದೆ. ಚಿಕ್ಕಪ್ಪ ನಡೆಯುತ್ತಿದ್ದದ್ದನ್ನು ಪಾಠ ಓದಿದ ಹಾಗೆ ಹೇಳುತ್ತಿದ್ದರು. ಬೈಕು ಬಂತು. ಇಳಿದರು. ಕೊಕ್ಕೆ ತೆಗೆದರು. ಆಮೇಲೆ ಮಾತು ನಿಂತಿತು. ಮಾಷ್ಟ್ರು ಸುಮ್ಮನಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕೊನೆಗೆ, "ಚೀಲಕ್ಕೆ ಹೋಯಿತು ಮಗಾ" ಎಂದರು. ಅದರ ಹಿಂದೆಯೇ ಚಿಕ್ಕಮ್ಮ, "ಅವರಿಗೆ ಕಾಫಿ ಮಾಡ್ಲಿಕ್ಕೆ ಹಾಲು ಉಂಟಾ ನೋಡಿ" ಎಂದದ್ದು ಕೇಳಿತು. ನಾನು ಮೆಟ್ಟಿಲಲ್ಲಿ ಕೂತು ಅತ್ತೆ, ನಕ್ಕೆ, ಎರಡೂ ಒಟ್ಟಿಗೆ. ವೆಲ್ಡಿಂಗಿನವರು ಅದನ್ನು ಚಾರ್ಮಾಡಿ ಕಡೆಯ ಕಾಡಿಗೆ ಬಿಟ್ಟು ಹೋದರಂತೆ.

ಮಧ್ಯಾಹ್ನ ಕಂಪನಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅಲ್ಲಿಯ ಮ್ಯಾನೇಜರು, "ಮೇಡಂ, ಸೂಪರ್. ನಿಮ್ಮ ಮುಂಡಾಜೆ ಪೇಜಿಂದ ಇವತ್ತು ಬೆಳಿಗ್ಗೆ ಒಂದು ಲೀಡ್ ಬಂದಿದೆ" ಎಂದರು. ಲೀಡ್ ಅಂದರೆ ಪುಟ ನೋಡಿ ವಿಚಾರಿಸಿದ ಹೊಸ ಗಿರಾಕಿ.

"ಆ ಲೀಡ್ ನನ್ನ ಚಿಕ್ಕಮ್ಮ" ಎಂದೆ. ಪುಟಗಳನ್ನು ತೆಗೆಯಿರಿ ಎಂದೆ. ಒಂದನೇ ಸ್ಥಾನದಲ್ಲಿರುವುದನ್ನು ಯಾರಾದರೂ ತೆಗೀತಾರಾ ಮೇಡಂ ಎಂದು ಅವರು ನಕ್ಕರು. ಹಾವನ್ನಾದರೂ ತೆಗೆಯಿರಿ ಎಂದರೆ ಅದರಿಂದಲೇ ಜನ ಬರೋದು ಎಂದರು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿ, ಇನ್ನು ನಿಮ್ಮ ಕೆಲಸ ಮಾಡುವುದಿಲ್ಲ ಎಂದು ಫೋನು ಇಟ್ಟೆ. ಪುಟಗಳು ಮಾತ್ರ ಅಲ್ಲೇ ಉಳಿದವು. ಅವು ಅವರ ಸೊತ್ತು, ನನ್ನ ಕೈಗೆ ಸಿಗುವಂಥದ್ದಲ್ಲ.

ಹಾಗಾದರೆ ನನ್ನನ್ನು ನಾನೇ ಸೋಲಿಸಬೇಕು. ಹೀಗೆಂದುಕೊಂಡ ಕೂಡಲೇ ಮೈಯೆಲ್ಲ ಜುಮ್ಮೆಂದಿತು. ಎದುರಾಳಿಯ ಒಂದೊಂದು ಪಟ್ಟೂ ನನಗೆ ಗೊತ್ತಿತ್ತು, ಅವಳು ಕುಳಿತು ಬರೆದ ಕುರ್ಚಿಯಲ್ಲೇ ನಾನೂ ಕುಳಿತಿದ್ದೆ. ಅವಳಿಗೆ ಗೊತ್ತಿಲ್ಲದ್ದು ಒಂದೇ, ಜನರ ಬಾಯಿಮಾತು. ಅದನ್ನು ಹುಡುಕಿಕೊಂಡು ಹೊರಟೆ. ಬಂಟ್ವಾಳದ ರೇಷನ್ ಅಂಗಡಿಯ ಸಾಲಿನಲ್ಲಿ, ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ, ಸಿಕ್ಕಿದವರನ್ನೆಲ್ಲ ನಿಲ್ಲಿಸಿ, ಮನೆಯೊಳಗೆ ಅದು ಬಂದರೆ ಮೊಬೈಲಿಗೆ ಏನಂತ ಹೇಳ್ತೀರಿ ಎಂದು ಕೇಳಿದೆ. ಕೆಲವರು ನನಗೆ ತಲೆ ಸರಿಯಿಲ್ಲ ಎಂಬಂತೆ ನೋಡಿದರು. ಆದರೆ ಹೇಳಿದರು. ಒಬ್ಬರು ಒಳ್ಳೆಯದು ಅಂದರು, ಒಬ್ಬರು ಸರ್ಪ, ಒಬ್ಬರು ಬರೀ "ಅದು". ಮೂಡುಬಿದಿರೆಯ ಹೂವಿನ ಹೆಂಗಸು, "ಎಂಥ ಹೇಳುವುದು, ದೇವರೇ ಅಂತೇನೆ ಮೊದಲು" ಎಂದರು. ಅದನ್ನೂ ಬರೆದುಕೊಂಡೆ.

ಬೆಳ್ತಂಗಡಿಗೆ ಹೋಗಿ ವೆಲ್ಡಿಂಗ್ ಅಂಗಡಿಯವರ ಒಪ್ಪಿಗೆ ಕೇಳಿದೆ. "ಹಾಕಿ, ಆದರೆ ಗೇಟಿನ ವಿಷಯ ಬರೀಬೇಡಿ" ಎಂದರು. ಒಂದೇ ಒಂದು ಪುಟ ಮಾಡಿದೆ. ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ಅವರ ನಂಬರು. ಕೆಳಗೆ, ಒಳ್ಳೆಯದು ಬಂದರೆ ಎಲ್ಲಿ ನಿಲ್ಲಬೇಕು, ಏನು ಮಾಡಬಾರದು, ಅವರು ಯಾವ ಊರಿಗೆ ಎಷ್ಟು ಹೊತ್ತಿನಲ್ಲಿ ಮುಟ್ಟುತ್ತಾರೆ, ಯಾವ ಊರಿಗೆ ಬರಲಿಕ್ಕೆ ಆಗುವುದಿಲ್ಲ. ಬರಲಿಕ್ಕೆ ಆಗುವುದಿಲ್ಲ ಎಂದು ನಾನು ಒಂದು ಪುಟದಲ್ಲಿ ಬರೆದದ್ದು ಅದೇ ಮೊದಲು.

ಮೊದಲ ವಾರ ಅದು ಎಲ್ಲಿಯೂ ಕಾಣಲಿಲ್ಲ. ಆಮೇಲೆ ಮೂವತ್ತರ ಆಚೆ ಎಲ್ಲೋ ಮುಖ ತೋರಿಸಿತು. ಹದಿನೆಂಟು. ಹನ್ನೊಂದು. ಆರರಲ್ಲಿ ಹತ್ತು ದಿನ ಜಗ್ಗದೆ ಕೂತಿತು, ನಾನು ಮನೆಯವರ ತಲೆ ತಿಂದೆ. ಎರಡಕ್ಕೆ ಬಂದ ದಿನ ಊಟ ಸೇರಲಿಲ್ಲ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ಒಂದು. ಇದನ್ನು ಫೋನಿನಲ್ಲಿ ಹೇಳುವುದಲ್ಲ ಎಂದುಕೊಂಡು ಸ್ಕೂಟರು ಹತ್ತಿ ಸೀದಾ ಮುಂಡಾಜೆಗೆ ಹೋದೆ.

ಚಿಕ್ಕಪ್ಪನ ಕೈಗೆ ಅವರ ಮೊಬೈಲು ಕೊಟ್ಟು, ಅವತ್ತಿನ ಹಾಗೆಯೇ ಕೇಳಿ ಎಂದೆ. ಅವರು ಗಂಟಲು ಸರಿಮಾಡಿಕೊಂಡು, ನಮಸ್ಕಾರದಿಂದ ಹಿಡಿದು ತಿಳಿಸಬೇಕು ತನಕ, ಒಂದಕ್ಷರ ಬಿಡದೆ ಕೇಳಿದರು. ಮೊಬೈಲು ವೆಲ್ಡಿಂಗಿನವರ ನಂಬರು ತೋರಿಸಿತು. ಚಿಕ್ಕಪ್ಪ ಮೊಬೈಲಿಗೆ ಧನ್ಯವಾದ ಹೇಳಿದರು. ನಾನು ಅಂಗಳದಲ್ಲಿ ಒಂದು ಸುತ್ತು ಕುಣಿದೇ ಬಿಟ್ಟೆ.

ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಮೊಬೈಲು ತೆಗೆದುಕೊಂಡರು. "ಇದು ಎರಡನೆಯದ್ದು ಆ ಹೃದಯಭಾಗದವರದ್ದಲ್ವಾ? ಇವರ ಮೇಲೊಂದು ಕಂಪ್ಲೇಂಟ್ ಕೊಡಬೇಕಿತ್ತು. ಯಾರು ಬರೆದದ್ದೋ ಇದನ್ನು, ಮುಂಡಾಜೆಯ ಮುಖವೇ ನೋಡದವರು."

ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಾನೇ ಬರೆದದ್ದು ಚಿಕ್ಕಮ್ಮ" ಎಂದೆ. ಎಲ್ಲವನ್ನೂ ಹೇಳಿದೆ. ನಲವತ್ತು ಊರು, ಬದಲಿಸಿದ ಹೆಸರು, ನನ್ನ ಸ್ವಂತ ಬುದ್ಧಿಯ ಹಾವು, ಗೋಳಿಬಜೆ ಕೂಡ. ಈಗ ಅದನ್ನು ಕೆಳಗೆ ಹಾಕಿದ್ದೂ ನಾನೇ ಎಂದು ಕೊನೆಗೆ ಸೇರಿಸಿದೆ, ಸ್ವಲ್ಪ ಜಂಬದಿಂದಲೇ.

ಚಿಕ್ಕಪ್ಪ ಎದ್ದು ಒಳಗೆ ಹೋದರು. ಚಿಕ್ಕಮ್ಮ ಮೊಣಕಾಲ ಗಂಟಿನ ಮೇಲೆ ಕೈ ಇಟ್ಟುಕೊಂಡು ಆ ಪುಟವನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ಓದಿದರು. ಬೈಯಲಿಲ್ಲ.

"ನಲವತ್ತು ಅಂದಿ ಅಲ್ವಾ" ಎಂದರು. "ಇದು ಮುಂಡಾಜೆಯದ್ದು ಒಂದಾಯಿತು. ಉಳಿದ ಊರುಗಳಲ್ಲಿ ಬಚ್ಚಲು ಇಲ್ವಾ ಮಗಾ?"

ಮೊಬೈಲನ್ನು ನನ್ನ ಕೈಗೆ ಕೊಟ್ಟು ಅವರು ಅಡುಗೆಮನೆಗೆ ಹೋದರು. ನಾನು ಜಗಲಿಯಲ್ಲೇ ಕೂತು, ಮಾಣಿಯಲ್ಲಿ ಹಾವು ಹಿಡಿಯುವವರು ಯಾರಿದ್ದಾರೆ ಎಂದು ಕೇಳಲು ಮೊದಲ ಫೋನು ಮಾಡಿದೆ.