ಸೋದರಮಾವ ನೋಡದ ತಲೆ

ಆಂಡಿಪಟ್ಟಿಗೆ ಮದುವೆಯಾಗಿ ಹೋದ ನನ್ನ ತಂಗಿ ಆರು ವರ್ಷ ಮಾತಿಲ್ಲದೆ ಕಳೆದ ಮೇಲೆ ಫೋನ್ ಮಾಡಿದಳು. ಅಪ್ಪನ ತೆಂಗಿನ ತೋಟದ ಪಾಲಿನ ವಿಷಯಕ್ಕೆ ಮಾತು ಬಿಟ್ಟವನು ನಾನೇ. ಹಟದಲ್ಲಿ ನನ್ನನ್ನು ಮೀರಿಸುವವರು ನಮ್ಮೂರು ಕೊಂಬೈಯಲ್ಲಿ ಇಲ್ಲ. ಅವಳು ಕುಶಲ ಕೇಳಲಿಲ್ಲ. ಹದಿನೈದರ ಮಗಳ ನೆತ್ತಿಯಲ್ಲಿ ಕೂದಲಿಲ್ಲದ ಒಂದು ಜಾಗ ಹಳದಿಯಾಗಿ, ಗಂಟುಗಂಟಾಗಿ ಉಬ್ಬಿದೆ, ಬಾಚಿದರೆ ರಕ್ತ ಬರುತ್ತದೆ ಎಂದಳು. ತೇನಿಯ ಚರ್ಮದ ಡಾಕ್ಟರು ಕೇಳಿದ್ದು ಒಂದೇ: ಇದು ಹುಟ್ಟಿನಿಂದ ಇದ್ದದ್ದೋ, ಈಗ ಬಂದದ್ದೋ? ಹುಟ್ಟಿನದಾದರೆ ಈ ವಯಸ್ಸಿಗೆ ಉಬ್ಬುವುದುಂಟು, ಹೆದರಬೇಕಿಲ್ಲ. ಹೊಸದಾದರೆ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು.

ಚಿಕ್ಕಂದಿನಲ್ಲಿ ತಂಗಿಯ ಕೈಗೆ ಕೊಡದೆ ತಾನೇ ಆ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದ ಅವಳ ಅತ್ತೆ ಈಗಿಲ್ಲ. ಉಳಿದವನು ನಾನು. ನಮ್ಮಲ್ಲಿ ಮಗುವಿನ ಮೊದಲ ಕೂದಲು ಬೋಳಿಸುವುದು, ಅಂದರೆ ಮೊಟ್ಟೈ ಹಾಕುವುದು, ಸೋದರಮಾವನ ತೊಡೆಯ ಮೇಲೆ.

"ನಿನ್ನ ಮಡಿಲಲ್ಲಿ ತಾನೆ ಮೊಟ್ಟೈ ಹಾಕಿದ್ದು, ಅಣ್ಣ? ಸತ್ಯವಾ ಹೇಳು, ಆಗಲೇ ಇತ್ತಾ?"

"ಇತ್ತು ತಾಯಿ," ಎಂದೆ.

ಅವಳು ಬಿಕ್ಕಿ ಬಿಕ್ಕಿ ಅತ್ತಳು, ನಾಳೆಯೇ ಡಾಕ್ಟರಿಗೆ ಹೇಳುತ್ತೇನೆ ಎಂದಳು. ನಿಜಕ್ಕೂ ನನಗೆ ಏನೂ ನೆನಪಿರಲಿಲ್ಲ. ಆ ದಿನ ನಾನು ನೋಡುತ್ತಿದ್ದುದು ನನ್ನ ಹೊಸ ರೇಷ್ಮೆ ಪಂಚೆಯ ಮೇಲೆ ಬೀಳುತ್ತಿದ್ದ ಒದ್ದೆ ಕೂದಲನ್ನು. ಆರು ವರ್ಷದ ಮೇಲೆ ತಂಗಿ ಏನೋ ಕೇಳಿದಾಗ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ, ಅಷ್ಟೇ. ಆಮೇಲೆ ನಿಜ ಹೇಳೋಣವೆಂದು ರಾತ್ರಿ ಎಷ್ಟು ಸಲ ಫೋನ್ ಮಾಡಿದರೂ ಅವಳು ಎತ್ತಲಿಲ್ಲ, ಮಲಗಿದ್ದಳೇನೋ. ನನ್ನ ಒಂದು ಮಾತಿನಿಂದ ಪರೀಕ್ಷೆ ನಿಂತು, ಅದು ಕೆಟ್ಟ ಗಡ್ಡೆಯೇ ಆಗಿದ್ದರೆ?

ಬೆಳಿಗ್ಗೆ ಮೊದಲ ಬಸ್ಸಿಗೆ ತೇನಿಗೆ ಹೋದೆ. ಆಸ್ಪತ್ರೆಯಲ್ಲಿ ಅವರ ಟೋಕನ್ ಕರೆದಾಗಿತ್ತು. ಕೇಳದೆ ಒಳಗೆ ನುಗ್ಗಿದೆ.

"ನಾ ಹೇಳಿದ್ದು ಸುಳ್ಳು, ತಾಯಿ. ಆವತ್ತು ನಾ ಇವಳ ತಲೆ ನೋಡಲೇ ಇಲ್ಲ."

ಡಾಕ್ಟರಿಗೆ ಅದನ್ನೇ ತಮಿಳಿನಲ್ಲಿ ಹೇಳಿದೆ. ಅವರು ಸಣ್ಣ ತುಂಡು ತೆಗೆದರು. ಹುಡುಗಿ ಹಲ್ಲು ಕಚ್ಚಿಕೊಂಡು ಕೂತಿದ್ದಳು. ತಂಗಿ ನನ್ನ ಕಡೆ ತಿರುಗಲಿಲ್ಲ. ನಾನು ಒಬ್ಬನೇ ಬಸ್ಸು ಹತ್ತಿದೆ. ರಿಪೋರ್ಟು ಬರಲು ಹತ್ತು ದಿನ ಹಿಡಿಯಿತು.

ಕೊನೆಗೆ ಅವಳೇ ಫೋನ್ ಮಾಡಿದಳು. ಕೆಟ್ಟದ್ದೇನೂ ಅಲ್ಲವಂತೆ, ಇಂಥದ್ದು ಹುಟ್ಟುವಾಗಲೇ ಬರುವುದಂತೆ.

"ನೀ ಸುಳ್ಳು ಹೇಳಿರಲಿಲ್ಲ, ಅಣ್ಣ," ಎಂದಳು.