ನೀಲಮ್ಮತ್ತೆಯ ತೂತಿನ ಮುಚ್ಚಳ

ಮೊನ್ನೆ ಸೇಡಂ ರಸ್ತೆಯ ಅಂಗಡಿಯಿಂದ ಮಾವಿನ ಉಪ್ಪಿನಕಾಯಿಯ ಬಾಟಲಿ ತಂದೆ. ತರುವುದು ಕೈಲಾಯಿತು, ತೆರೆಯುವುದು ಆಗಲಿಲ್ಲ. ಮೊದಲು ಬರಿಗೈಲಿ ತಿರುವಿದೆ, ಆಮೇಲೆ ಟವೆಲು ಸುತ್ತಿ ತಿರುವಿದೆ, ಕೊನೆಗೆ ಬಾಟಲಿಯನ್ನು ಮೊಣಕಾಲುಗಳ ನಡುವೆ ಸಿಗಿಸಿಕೊಂಡು ಕುಸ್ತಿಗೇ ಇಳಿದೆ. ಮುಚ್ಚಳ ಅಲುಗಲಿಲ್ಲ, ಸೊಂಟ ಅಲುಗಿತು. ನನ್ನಾಕೆ ಅಡಿಗೆಮನೆಯಿಂದ ಬಂದು ಚಮಚದ ತುದಿಯನ್ನು ಮುಚ್ಚಳದ ಅಂಚಿಗೆ ಕೊಟ್ಟು ಒಂದಿಷ್ಟೇ ಎತ್ತಿದಳು. ಟಕ್ ಅಂತ ಸದ್ದಾಯಿತು. ಎರಡು ಬೆರಳಲ್ಲಿ ತೆಗೆದು ನನ್ನ ಮುಂದಿಟ್ಟು, "ಅದರ ಜೋಡಿ ಯಾಕ ಜಗಳಾಡ್ತೀರಿ?" ಎಂದು ಒಳಗೆ ಹೋದಳು.

ಸಾಸಿವೆ, ಮೆಂತ್ಯ, ಇಂಗಿನ ವಾಸನೆ ಎದ್ದಿತು. ಆ ವಾಸನೆಯ ಬೆನ್ನು ಹತ್ತಿ ನಾನು ಸೀದಾ ಕಮಲಾಪುರಕ್ಕೆ ಹೋಗಿಬಿಟ್ಟೆ. ನೀವೂ ಬನ್ನಿ, ಬಸ್ಸಿಗಾಗಿ ಕಾಯುವ ಕೆಲಸವಿಲ್ಲ.

ಕಮಲಾಪುರದಲ್ಲಿ ನನ್ನ ತಂದೆಯ ಅಕ್ಕ ನೀಲಮ್ಮತ್ತೆ ಇದ್ದಳು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಎರಡು ಅಂಕಣದ ಮನೆ, ಹಿತ್ತಲಲ್ಲಿ ನಾಲ್ಕು ಕೆಂಪು ಬಾಳೆ, ಒಳಗೆ ಗೋಡೆಯುದ್ದಕ್ಕೂ ಭರಣಿಗಳು. ಊರು ಬಾಳೆಹಣ್ಣಿಗೆ ಹೆಸರಾದರೆ ಅತ್ತೆ ಉಪ್ಪಿನಕಾಯಿಗೆ ಹೆಸರಾಗಿದ್ದಳು. ಅವಳ ಭರಣಿಗಳನ್ನು ಗುಲ್ಬರ್ಗದ ಸಗಟು ಪೇಟೆಯಾದ ಗಂಜಿನ ಒಬ್ಬ ಸಾಹುಕಾರ ಕೊಳ್ಳುತ್ತಿದ್ದ. ಅವನದು ಒಂದೇ ಷರತ್ತು: ಮುಚ್ಚಳದ ಸುತ್ತ ಮೆತ್ತಿದ ಸುಣ್ಣದ ಗಿಲಾವು ಒಡೆದಿರಬಾರದು. ಒಡೆದಿದ್ದರೆ ದಾರಿಯಲ್ಲಿ ಯಾರೋ ಕೈ ಹಾಕಿದ್ದಾರೆ ಎಂದರ್ಥ. ಪರರ ಕೈ ಬಿದ್ದ ಉಪ್ಪಿನಕಾಯಿಯನ್ನು ನಮ್ಮ ಕಡೆ ಪುಕ್ಕಟೆ ಕೊಟ್ಟರೂ ಯಾರೂ ಒಯ್ಯುತ್ತಿರಲಿಲ್ಲ.

ಅತ್ತೆಯ ಗಂಡನ ಅಣ್ಣ ಬಸಲಿಂಗಪ್ಪನವರು ಗುಲ್ಬರ್ಗದಲ್ಲಿದ್ದರು. ಒಂಟಿ ಹೆಣ್ಣುಮಗಳು ಕಮಲಾಪುರದಲ್ಲಿದ್ದಾಳಲ್ಲ ಎಂದು ಬಹಳ ಮರುಗುತ್ತಿದ್ದರು. ಅವರ ಮನೆಯ ಅಡಿಗೆಯಾಕೆ ಕೆಲಸ ಬಿಟ್ಟುಹೋದ ಮೇಲೆ ಈ ಮರುಕ ತಡೆಯಲಾರದಷ್ಟು ಹೆಚ್ಚಿತು.

"ನಮ್ಮನ್ಯಾಗ ಬಂದು ಆರಾಮ ಇರು ನೀಲವ್ವ. ಹದಿನಾಲ್ಕು ಮಂದಿ ಅದೀವಿ, ನಿನಗ ಬ್ಯಾಸರ ಅನ್ನೂದೇ ಆಗಂಗಿಲ್ಲ" ಅನ್ನುತ್ತಿದ್ದರು.

ಆ ಸಲ ಅತ್ತೆ ಮಾತು ಕೊಟ್ಟುಬಿಟ್ಟಳು: "ಈ ಭರಣಿಗೋಳು ಸಾಹುಕಾರನ ಅಂಗಡಿಗೆ ಹೋದ್ರ ನಾ ಇಲ್ಲೇ ಇರ್ತೀನಿ ಭಾವಾರ. ಹೋಗಲಿಲ್ಲಂದ್ರ ಬರ್ತೀನಿ."

ಆದರೆ ಅದು ಭರಣಿಗಳು ಹೋಗುವ ವರ್ಷವಾಗಿರಲಿಲ್ಲ. ಬೇಸಿಗೆಯಲ್ಲಿ ಕಾಯಿ ಹಾಕಿದ್ದಳು, ರಜಾಕಾರರ ಗದ್ದಲದಲ್ಲಿ ದಾರಿ ಬಂದಾಯಿತು. ಆಮೇಲೆ ಪೊಲೀಸ್ ಆ್ಯಕ್ಷನ್ ಆಗಿ ನಿಜಾಮಶಾಹಿ ಹೋಯಿತು, ದಾರಿ ತೆರೆಯಿತು. ತೆರೆದ ದಾರಿಗೆ ಅಡ್ಡಲಾಗಿ ಮಿಲಿಟರಿಯವರ ನಾಕಾ ಬಂತು. ಪಟ್ಟಣಕ್ಕೆ ಹೋಗುವ ಪ್ರತಿಯೊಂದು ಚೀಲದಲ್ಲಿ, ಗಡಿಗೆಯಲ್ಲಿ ಅವರು ಬಂದೂಕು ಹುಡುಕುತ್ತಿದ್ದರು. ಸ್ವಾತಂತ್ರ್ಯ ಬಂದದ್ದು ನಮಗೆ ಗೊತ್ತಾದದ್ದೇ ಹೀಗೆ. ಎಲ್ಲರ ಗಂಟನ್ನೂ ಸಮಾನವಾಗಿ ಬಿಚ್ಚಿಸುತ್ತಿದ್ದರು.

ನಾನಾಗ ಇಪ್ಪತ್ತೆರಡರವನು. ಮೆಟ್ರಿಕ್ಕಿನಲ್ಲಿ ಎರಡು ಸಲ ನಪಾಸಾಗಿದ್ದರಿಂದ ಮನೆತನದಲ್ಲೇ ಹೆಚ್ಚು ಓದಿದವನು ನಾನೇ. ಹೀಗಾಗಿ ಭರಣಿಗಳನ್ನು ಮುಚ್ಚುವ ಹೊಣೆಯನ್ನು ನಾನಾಗಿಯೇ ಹೊತ್ತುಕೊಂಡೆ. ಕಾಗದದ ಮೇಲೆ ನಕಾಶೆ ಬರೆದೆ. ಕಟ್ಟಿಗೆಯ ಮುಚ್ಚಳ, ಅದರ ಕೆಳಗೆ ಮೇಣದಲ್ಲಿ ಅದ್ದಿದ ಎರಡು ಪದರಿನ ಬಟ್ಟೆ, ಮೇಲೆ ಸುಣ್ಣಕ್ಕೆ ಬೆಲ್ಲ, ಹತ್ತಿ ಹಾಕಿ ಕುಟ್ಟಿದ ಗಿಲಾವು, ಅದರ ಮೇಲೆ ಬಿಗಿದ ತಂತಿ.

"ಇದರಾಗ ಇರಿವಿ ಉಸಿರು ಸೈತ ಹೋಗಂಗಿಲ್ಲ ಅತ್ತಿ."

"ಇರಿವಿ ಮಾತು ಬಿಡು. ತೆಗ್ಯಾವ್ರು ಹೆಂಗ ತೆಗೀಬೇಕೋ ತಮ್ಮಾ?"

"ತೆಗೀಲಾಕ ಬರಲಾರದಂಗ ಇರೂದೇ ಇದರ ಹುನ್ನರು" ಅಂದೆ. ಅತ್ತೆ ಸುಮ್ಮನಾದಳು. ಓದಿದವರ ಮುಂದೆ ಸುಮ್ಮನಾಗುವುದು ಅವಳಿಗೆ ಹಿರಿಯರು ಕಲಿಸಿದ ಮರ್ಯಾದೆ.

ಹನ್ನೆರಡು ಭರಣಿಗಳನ್ನು ಹುಲ್ಲಿನಲ್ಲಿ ಕೂಡಿಸಿ, ಗಾಡಿ ಹೊಡೆದುಕೊಂಡು ನಾನೊಬ್ಬನೇ ಹೊರಟೆ. ಪಟ್ಟಣ ಇನ್ನೇನು ಬಂತು ಅನ್ನುವಾಗ ನಾಕಾದ ಸಿಪಾಯಿ ಗಾಡಿ ನಿಲ್ಲಿಸಿದ. ಯಾವ ಸೀಮೆಯವನೋ, ನಮ್ಮ ಭಾಷೆಯೊಂದೂ ಬಾರದು. "ಖೋಲೋ" ಅಂದ.

"ಅಚಾರ್ ಹೈ ಸಾಬ್" ಅಂದೆ.

"ಖೋಲೋ!"

ಹೇಗೆ ತೆರೆಯಲಿ? ನನ್ನ ಜಾಣತನದ ಹುನ್ನರು ನನಗೇ ಅಡ್ಡ ಬಂತು. ತಂತಿ ಬಿಚ್ಚಿದೆ, ಗಿಲಾವು ಬಿಡಲಿಲ್ಲ. ಕಲ್ಲಿನಿಂದ ಕುಟ್ಟಿದೆ, ಬಿಡಲಿಲ್ಲ. ಮುಚ್ಚಳ ಬಿಡದ ಹಾಗೆಲ್ಲ ಸಿಪಾಯಿಗಳ ಸಂಖ್ಯೆ ಹೆಚ್ಚಿತು. ಇಷ್ಟು ಬಿಗಿಯಾಗಿ ಯಾರಾದರೂ ಉಪ್ಪಿನಕಾಯಿ ಮುಚ್ಚುತ್ತಾರೆಯೇ? ಅವರ ಸಂಶಯ ನ್ಯಾಯವಾದದ್ದೇ. ನನ್ನನ್ನು ಇಪ್ಪತ್ತು ಹೆಜ್ಜೆ ದೂರ, ಕೈ ಎತ್ತಿಸಿ ನಿಲ್ಲಿಸಿದರು. ಒಬ್ಬ ಬಂದೂಕಿನ ತುದಿಯ ಚೂರಿಯನ್ನು ಗಿಲಾವಿಗೆ ಸಿಗಿಸಿ ಮೀಟಿದ. ಬಿಸಿಲಿಗೆ ಒಳಗಿನ ಗಾಳಿ ಉಬ್ಬಿತ್ತೋ ಏನೋ, ಢಬ್ ಅಂತ ಮುಚ್ಚಳ ಹಾರಿತು. ಎಂಟು ಜನ ಸಿಪಾಯಿಗಳು ಒಮ್ಮೆಲೇ ನೆಲಕ್ಕೆ ಬಿದ್ದರು. ನಾನು ಅವರಿಗಿಂತ ಮೊದಲೇ ಬಿದ್ದಿದ್ದೆ.

ಎದ್ದಮೇಲೆ ಅವರಿಗೆ ನಾಚಿಕೆಯಾಗಿರಬೇಕು, ನಾಚಿಕೆಯಾದ ಬಂದೂಕಿನವರು ಒಳ್ಳೆಯವರಲ್ಲ. ಇನ್ನೊಂದು ಭರಣಿಯನ್ನೂ ಮೀಟಿ ತೆಗೆದು, ರಾತ್ರಿಯ ಮಳೆಯಲ್ಲಿ ನೆನೆದ ಕಬ್ಬಿಣದ ಸಲಾಕಿಯನ್ನು ತಂದು ಎರಡರಲ್ಲೂ ತಳದವರೆಗೆ ತಿರುವಿದರು. ನೀರು ಮತ್ತು ಕಬ್ಬಿಣ ಎರಡೂ ತಾಗಿದ ಉಪ್ಪಿನಕಾಯಿಯ ಗತಿ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಉಳಿದವನ್ನೆಲ್ಲ ತೆರೆದು ತಂದರೆ ಬಿಡುತ್ತೇವೆ ಎಂದು ಗಾಡಿ ತಿರುಗಿಸಿದರು. ತೆರೆದು ತಂದರೆ ಸಾಹುಕಾರ ಕೊಳ್ಳುವುದಿಲ್ಲ. ಮುಚ್ಚಿ ತಂದರೆ ಸಿಪಾಯಿ ಬಿಡುವುದಿಲ್ಲ.

ಅತ್ತೆ ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕೆಟ್ಟ ಭರಣಿಗಳನ್ನು ಬಗ್ಗಿ ನೋಡಿದಳು, ಕೇಳಿದಳು:

"ಸಲಾಕಿ ಎಷ್ಟು ದಪ್ಪ ಇತ್ತು?"

"ನಾ ಕೈ ಎತ್ತಿ ನಿಂತಿದ್ದೆ ಅತ್ತಿ. ದಪ್ಪ ಯಾರು ನೋಡ್ತಾರ?"

"ಅಂವ ಕೈ ಹಾಕಿದ್ನೋ, ಬರೇ ಸಲಾಕಿ ಹಾಕಿದ್ನೋ?"

"ಬರೇ ಸಲಾಕಿ."

"ಹಂಗಾದ್ರ ಅಂವಗ ಬೇಕಾಗಿದ್ದು ಸಲಾಕಿ ಹಾಕಲಾಕ ಒಂದು ಜಾಗಾ. ಬಾಯಿ ಪೂರಾ ಯಾಕ ತೆಗೀಬೇಕು?" ಅಂದಳು. ಎದ್ದು ಸೆರಗು ಸಿಗಿಸಿದಳು.

"ಮುಚ್ಚಳಕ್ಕ ತೂತ ಹಾಕ್ತೀಯೇನು? ಹುಚ್ಚು ಹಿಡದದೇನು ಅತ್ತಿ?" ಅಂತ ನಾನು ನಕ್ಕೆ. ಈ ಮಾತನ್ನು ದಯವಿಟ್ಟು ನೆನಪಿಡಬೇಡಿ.

ಮರುದಿನವೇ ಬಸಲಿಂಗಪ್ಪನವರು ಬಂದರು. ಕೆಟ್ಟ ಸುದ್ದಿಗೆ ನಾಕಾ ಇರಲಿಲ್ಲ. "ಪಾಪ ನೀಲವ್ವ, ನಿನ್ನ ದೈವ. ಸೋಮವಾರ ಬಂದುಬಿಡು" ಅಂದರು. ಅವರ ಮನೆಯ ಬೀಸುಕಲ್ಲಿಗೆ ಆಗಲೇ ಹೊಸದಾಗಿ ಉಳಿಪೆಟ್ಟು ಹಾಕಿಸಿದ್ದರಂತೆ.

"ಸೋಮವಾರ ಗಂಜಿನ್ಯಾಗ ಸಾಹುಕಾರನ ಅಂಗಡಿ ಮುಂದ ನಿಂದರ್ರಿ ಭಾವಾರ. ಭರಣಿ ಇಳೀಲಿಲ್ಲಂದ್ರ ಅಲ್ಲಿಂದೇ ನಿಮ್ಮ ಜೋಡಿ ಬರ್ತೀನಿ" ಅಂದಳು ಅತ್ತೆ.

ಅವರು ಅತ್ತ ಹೋದದ್ದೇ ಇತ್ತ ನಾವು ಖರಾದಿ ಖಾಸೀಂಸಾಬನ ಮನೆಗೆ ಹೋದೆವು. ಕಟ್ಟಿಗೆಯನ್ನು ಯಂತ್ರಕ್ಕೆ ಕೊಟ್ಟು ದುಂಡಗೆ ಕೆತ್ತುವವನು ಆತ. ಅತ್ತೆಯ ಮುಚ್ಚಳಗಳೆಲ್ಲ ಆತನವೇ. ಮೊದಲು ರಜಾಕಾರರಿಗೆ ಅಂಜಿ ನಾವು ಬಾಗಿಲು ಹಾಕಿಕೊಂಡಿದ್ದೆವು, ಈಗ ಮಿಲಿಟರಿಗೆ ಅಂಜಿ ಖಾಸೀಂಸಾಬನವರು ಹಾಕಿಕೊಂಡಿದ್ದರು. ಅತ್ತೆ ಬಾಗಿಲು ಬಡಿದಳು.

"ಖಾಸೀಮಣ್ಣಾ, ನಾ ನೀಲವ್ವ. ಅಗಳಿ ತೆಗಿ."

"ಏನಾಯ್ತು ನೀಲಕ್ಕಾ? ಯಾರರೆ ಬರ್ಲಾಕತ್ತಾರೇನು?"

"ಯಾರೂ ಬರವಲ್ರು. ಹತ್ತು ಮುಚ್ಚಳಕ್ಕ ಹತ್ತು ತೂತ ಬೇಕು."

ಆಮೇಲೆ ಅಗಳಿ ಸರಿಯಿತು. "ಯಾ ಅಲ್ಲಾ, ದುನಿಯಾ ಹೊತ್ತಿ ಉರಿಲಾಕತ್ತದ, ಈಕಿಗಿ ತೂತ ಬೇಕಂತ!" ಎಂದು ಖಾಸೀಂಸಾಬ ನಕ್ಕ. ಎಷ್ಟು ದಿನದ ಮೇಲೆ ನಕ್ಕನೋ, ಅವನ ಹೆಂಡತಿ ಒಳಬಾಗಿಲಿಗೆ ಬಂದು ನಿಂತು ನೋಡಿದಳು.

"ಕಡ್ಡಿ ಹೋಗಬೇಕು, ಬೆರಳು ಹೋಗಬಾರದು" ಎಂದಳು ಅತ್ತೆ. ಬೆರಳಿನ ಅಳತೆಗೆ ನನ್ನ ಕಿರುಬೆರಳನ್ನು ಹಿಡಿದರು. ಯಾವ ಕೆಲಸವನ್ನೂ ಮಾಡದೆ ತೆಳ್ಳಗೆ ಉಳಿದ ಬೆರಳು ಆ ಓಣಿಯಲ್ಲಿ ಅದೊಂದೇ. ನನ್ನ ನಕಾಶೆಗೆ ಬಾರದ ಮರ್ಯಾದೆ ಬೆರಳಿಗೆ ಬಂತು. ತೂತಿಗೆ ಕೆಳಗೆ ಸಣ್ಣ, ಮೇಲೆ ದಪ್ಪ ಇರುವ ಬೂಚು, ಬೂಚಿಗೆ ಎಣ್ಣೆಬಟ್ಟೆ, ಬೂಚನ್ನು ಮುಚ್ಚಳಕ್ಕೆ ಕಟ್ಟುವ ದಾರ.

"ದಾರ ಯಾಕ್ರಕ್ಕಾ?"

"ಸರ್ಕಾರದವರ ಕೈಯಾಗ ಕೊಟ್ಟಿದ್ದು ತಿರುಗಿ ಬರ್ತದೇನೋ ಅಣ್ಣಾ?"

ನನ್ನ ಗಿಲಾವನ್ನು ಉಳಿಯಿಂದ ಕೆತ್ತಿ ತೆಗೆದು, ತೂತಿನ ಮುಚ್ಚಳ ಕೂಡಿಸಿ, ಅತ್ತೆ ಸುತ್ತ ಹೊಸ ಗಿಲಾವು ಮೆತ್ತಿದಳು. ಪ್ರತಿ ಭರಣಿಯ ಕುತ್ತಿಗೆಗೂ ಒಂದೊಂದು ಒಣ ಬಿದಿರ ಕಡ್ಡಿಯನ್ನು ಕಟ್ಟಿದಳು. ಸಿಪಾಯಿ ಹುಡುಕಲಿ, ಆದರೆ ನಮ್ಮ ಕಡ್ಡಿಯಲ್ಲಿ ಹುಡುಕಲಿ.

ಸೋಮವಾರ ಅತ್ತೆಯೂ ಗಾಡಿಯಲ್ಲಿ ಕೂತಳು. ನಾಕಾದಲ್ಲಿ ಅದೇ ಸಿಪಾಯಿ. ನನ್ನನ್ನು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದ. ಅತ್ತೆ ಇಳಿದು, ಬೂಚು ಕಿತ್ತು, ಕಡ್ಡಿ ಅವನ ಕೈಗೆ ಕೊಟ್ಟು, "ದೇಖೋ ಬಾಬಾ, ಪೂರಾ ದೇಖೋ" ಅಂದಳು. ಅವನು ತಳದವರೆಗೂ ಕಡ್ಡಿ ಇಳಿಸಿದ, ಎತ್ತಿದ. ತುದಿಯಲ್ಲಿ ಕೆಂಪು ಎಣ್ಣೆ. ಮೂಸಿದ. ಆಚೀಚೆ ನೋಡಿ ನಾಲಿಗೆಗೆ ತಾಗಿಸಿದ. ಮುಂದೆ ಹತ್ತೂ ಭರಣಿಗಳನ್ನು ಬಹಳ ನಿಷ್ಠೆಯಿಂದ, ಪ್ರತಿಯೊಂದಕ್ಕೂ ಹೊಸ ಕಡ್ಡಿ ಬಿಚ್ಚಿಕೊಂಡು, ತಪಾಸಣೆ ಮಾಡಿದ. ಇನ್ನೊಬ್ಬ ಸಿಪಾಯಿಗೂ ಸಂಶಯ ಬಂದು ಅವನೂ ಅತ್ತೆಯ ಕೈಯಿಂದ ಒಂದು ಕಡ್ಡಿ ಇಸಿದುಕೊಂಡ. ದೇಶದ ಭದ್ರತೆಗೆ ಅಷ್ಟು ರುಚಿ ಇರುತ್ತದೆಂದು ನನಗೆ ಅಂದೇ ತಿಳಿದದ್ದು.

ಗಂಜಿನಲ್ಲಿ ಸಾಹುಕಾರ ಗಿಲಾವಿನ ಮೇಲೆ ಬೆರಳಾಡಿಸಿ ನೋಡಿದ, ಒಂದು ಬಿರುಕಿಲ್ಲ. ತೂತಿಗೆ ಬೆರಳು ತೂರಿಸಲು ನೋಡಿದ, ಹೋಗಲಿಲ್ಲ. "ಗಿರಾಕಿಗೆ ಕಡ್ಡಿಲೆ ರುಚಿ ತೋರಿಸಬೌದು, ಭರಣಿ ಒಡೀಬೇಕಿಲ್ಲ. ಮುಂದಿನ ವರ್ಷನೂ ಹಿಂಗೇ ಕಳಿಸವ್ವಾ" ಅಂದ. ಪಕ್ಕದಲ್ಲಿ ಬಸಲಿಂಗಪ್ಪನವರು ಬಾಡಿಗೆ ಟಾಂಗಾ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಮುಖ ಸಣ್ಣದಾಯಿತು.

"ಹೆಂಗಸು ಒಬ್ಬಾಕಿ ಹಿಂಗ ಯಾಪಾರ ನಡಸ್ತಾಳಂದ್ರ ಮಂದಿ ಏನಂತಾರ? ಈ ತೂತು ಯಾರ ತಲ್ಯಾಗ ಹುಟ್ಟಿದ್ದು?" ಎಂದರು.

ಅತ್ತೆ ನನ್ನ ಕಡೆ ನೋಡಿದಳು. ನಾನು ಎದೆ ಮುಂದೆ ಮಾಡಿ, "ನಂದ್ರಿ" ಅಂದುಬಿಟ್ಟೆ.

"ಹಂಗ ಹೇಳು ಮತ್ತ! ಗಂಡಸು ಹಿಂದ ಇದ್ದಾನಂದ್ರ ನಡೀತದ" ಎಂದು ಟಾಂಗಾ ಹತ್ತಿ ಹೋದರು. ಅತ್ತೆ ಕಮಲಾಪುರದ ತನ್ನ ಮನೆಯಲ್ಲಿ ಕಡೆಯತನಕ ತಾನೇ ಒಲೆ ಹೊತ್ತಿಸಿಕೊಂಡು ಬದುಕಿದಳು.

ಅಂದಿನಿಂದ ಮದುವೆ, ತೊಟ್ಟಿಲು, ಎಲ್ಲಿ ನಾಲ್ಕು ಜನ ಕೂತರೂ ತೂತು ನನ್ನದೆಂದೇ ಹೇಳುತ್ತ ಬಂದೆ. ಅತ್ತೆ ಮೂಲೆಯಲ್ಲಿ ಕೂತು ನಗುತ್ತಿದ್ದಳು. ಅವಳು ಹೋದ ಮೇಲೆ ಆ ನಗು ಎದೆಯಲ್ಲಿ ಚುಚ್ಚತೊಡಗಿತು. ಹೀಗಾಗಿ ಈ ವಯಸ್ಸಿನಲ್ಲಾದರೂ ನಿಜ ಒಪ್ಪಿಕೊಳ್ಳೋಣವೆಂದು ಕೂತು, ಎರಡು ಪುಟದ ತುಂಬ ಪಶ್ಚಾತ್ತಾಪ ಬರೆದು ನನ್ನಾಕೆಗೆ ಓದಿ ಹೇಳಿದೆ. ಕಣ್ಣಲ್ಲಿ ನೀರೂ ತಂದುಕೊಂಡಿದ್ದೆ.

ಅವಳು ಅವರೆಕಾಯಿ ಸುಲಿಯುತ್ತ ಕೇಳಿದಳು. "ಅದು ನನಗ ಮದುವಿ ಆದ ವರ್ಷನೇ ಗೊತ್ತಿತ್ರಿ."

"ಯಾರು ಹೇಳಿದ್ರು?"

"ಅತ್ತೀನೇ. 'ಅಂವ ನಂದು ನಂದು ಅಂತಾನ, ಅನ್ನಲಿ ಬಿಡವ್ವಾ. ಅಂವ ಹಂಗ ಅನ್ನೂತನ ನಮ್ಮ ಭಾವಾರು ನನ್ನ ಹೊಸ್ತಿಲು ತುಳ್ಯಂಗಿಲ್ಲ. ಗಂಜಿನ್ಯಾಗ ನಾ ಅದಕ್ಕೇ ಅವನ ಮಾರಿ ನೋಡಿದ್ದು' ಅಂದಿದ್ರು."

ನಾನು ಎರಡೂ ಪುಟ ಹರಿದು, ಅವಳ ಎದುರಿಗೆ ಕೂತು ಕಾಯಿ ಸುಲಿದೆ.