ಆಯಿಷಾ ತುಳಿದ ಹೊಲಿಗೆ ಯಂತ್ರ

ಚೆನ್ನೈಗೆ ಹೋದವಳು, ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ಅಕ್ಕನನ್ನು ಊಟಕ್ಕೆ ಕರೆಯಲು ಹೋದೆ. ಅವಳ ವ್ಯಾಯಾಮದ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ! ಅದರ ಮುಂದೆ ತಾಂಜಾನಿಯಾದಿಂದ ಚಿಕಿತ್ಸೆಗೆ ಬಂದ ಆಯಿಷಾ ಕುಳಿತಿದ್ದರು. ಊರಲ್ಲಿ ಬಟ್ಟೆ ಹೊಲಿದೇ ಬದುಕಿದವರು. ಅಪಘಾತದ ಗಾಯ ಮಾಯ್ದರೂ ಕಲೆ ಬಿಗಿದುಕೊಂಡು, ಬಲಪಾದದ ಕೀಲು ಸೆಟೆದುಹೋಗಿತ್ತಂತೆ.

"ಆಪರೇಷನ್ ಆದ್ಮೇಲೆ ಇವತ್ತೇ ಮೊದಲ ಸಲ ತುಳೀತಿರೋದು ಕಣೆ," ಎಂದ ಅಕ್ಕ, ಅವರತ್ತ ತಿರುಗಿ, ರೂಢಿಯ ತಮಿಳು ಬೆರೆಸಿ, "ಮೆದುವಾ ಮಾ, ಸ್ಲೋ!" ಎಂದಳು.

ಆಯಿಷಾ ಉಸಿರು ಬಿಗಿಹಿಡಿದು ಒತ್ತಿದರು. ಚಕ್ರ ಅರ್ಧ ತಿರುಗಿ ನಿಂತಿತು. ಮತ್ತೆ ಒತ್ತಿದರು. ಈ ಸಲ ಅದು ನಿಲ್ಲಲಿಲ್ಲ.

ಅಕ್ಕ ಸಾಕೆಂದರೂ ಕೇಳದೆ, "ಬಟ್ಟೆ ಕೊಡಿ!" ಎಂದು ಇಂಗ್ಲಿಷಿನಲ್ಲಿ ನನ್ನತ್ತ ಕೈಚಾಚಿದರು. ದುಪಟ್ಟಾ ತೆಗೆದುಕೊಟ್ಟೆ. ಅವರು ಅದರ ಅಂಚು ಹೊಲಿಯುತ್ತಲೇ ಹೋದರು. ನಾವಿಬ್ಬರೂ ನೆಲದ ಮೇಲೆ ಕುಳಿತು, ಮೇಲೆ ಕೆಳಗೆ ಆಡುತ್ತಿದ್ದ ಆ ಪಾದವನ್ನೇ ನೋಡಿದೆವು.